ಮೂವತ್ತು ಎಸೆತ ಎಷ್ಟು ಹೇಳೀತು?

ಮಳೆಗಾಲ ಮುಗಿದು ನೆಲ ಗಟ್ಟಿಯಾದ ಮೇಲೆ ದಕ್ಷಿಣ ಕನ್ನಡದ ನರಿಮೊಗರಿನ ಆಸುಪಾಸಿನಲ್ಲಿ ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟಗಳ ಬ್ಯಾನರು ಏಳುತ್ತವೆ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳಲ್ಲಿ ಇದೇ ಕಥೆ. ಶಾಲೆಯ ಆಟದ ಬಯಲೋ ಕೊಯ್ಲಾದ ಗದ್ದೆಯೋ ಸಾಕು. ಬಿದಿರಿನ ಕಂಬಕ್ಕೆ ದೀಪ ಕಟ್ಟಿದರೆ ಹೊನಲು ಬೆಳಕಿನ ಪಂದ್ಯಾಟ. ಟೆನಿಸ್ ಚೆಂಡು, ನಾಲ್ಕೈದು ಓವರಿನ ಇನ್ನಿಂಗ್ಸ್, ಮೈಕಿನಲ್ಲಿ ತುಳು–ಕನ್ನಡ ಬೆರೆತ ವೀಕ್ಷಕ ವಿವರಣೆ. ಭುಜದ ಕೆಳಗಿಂದ ರಭಸವಾಗಿ ಬರುವ ಚೆಂಡು ನೆಲಕ್ಕೆ ತಾಗಿದ ಮೇಲೆ ಹೆಚ್ಚು ಏಳುವುದಿಲ್ಲ, ಜಾರಿಕೊಂಡು ನುಗ್ಗುತ್ತದೆ. ಅದನ್ನು ಎತ್ತಿ ಹೊಡೆಯುವುದು ಕಷ್ಟ. ಹಾಗಾಗಿ ಒಂದು ತಂಡ ಐದು ಓವರಿಗೆ 28 ಮಾಡಿ, ಇನ್ನೊಂದು 27ಕ್ಕೆ ನಿಂತು, ಕೊನೆಯ ಎಸೆತದಲ್ಲಿ ತೀರ್ಮಾನವಾಗುವ ಪಂದ್ಯ ಇಲ್ಲಿ ಅಪರೂಪವೇ ಅಲ್ಲ.

ಅಂಥ ಪಂದ್ಯ ಮುಗಿದ ಕೂಡಲೇ ಎರಡು ಮಾತು ಕೇಳಿಸುತ್ತವೆ. ಸೋತವರ ಕಡೆಯಿಂದ "ಲಕ್ ಮಾರಾಯ". ಗೆದ್ದವರ ಕಡೆಯಿಂದ "ಕೊನೆಯ ಓವರ್ ಆಡಲಿಕ್ಕೆ ಧೈರ್ಯ ಬೇಕು". ಎರಡರಲ್ಲೂ ಸತ್ಯವಿದೆ. ಆದರೆ ಯಾವುದರಲ್ಲಿ ಎಷ್ಟು ಎಂಬುದನ್ನು ಅಳೆಯಬಹುದು ಎಂಬ ಸಂಗತಿ ನನಗೆ ಇವತ್ತಿಗೂ ರೋಮಾಂಚನ ಕೊಡುತ್ತದೆ. ಅದೃಷ್ಟದ ಪಾಲು ಇಷ್ಟು, ಸಾಮರ್ಥ್ಯದ ಪಾಲು ಇಷ್ಟು ಎಂದು ಲೆಕ್ಕ ಹಾಕುವ ಗಣಿತ ನಮ್ಮಲ್ಲಿದೆ. ಅದರ ಒಂದು ದೊಡ್ಡ ಮೈಲಿಗಲ್ಲನ್ನು ನೆಟ್ಟವರು ಹುಟ್ಟಿದ್ದು ಕರ್ನಾಟಕದಲ್ಲೇ.

ಪುತ್ತೂರಿನ ಅಡಿಕೆ ವ್ಯಾಪಾರಿ ಗೋಣಿಯೊಳಗೆ ಕೈ ಹಾಕಿ ಒಂದು ಹಿಡಿ ಅಡಿಕೆ ತೆಗೆದು ನೋಡುತ್ತಾರೆ. ಕೆಳದರ್ಜೆಯ ಪಟೋರ ಎಷ್ಟು, ಕೋಕ ಎಷ್ಟು ಎಂದು ಆ ಹಿಡಿಯಿಂದಲೇ ಇಡೀ ಗೋಣಿಯನ್ನು ಅಂದಾಜು ಮಾಡುತ್ತಾರೆ. ಐದೇ ಅಡಿಕೆ ತೆಗೆದರೆ ಅಂದಾಜು ತಪ್ಪುವ ಸಂಭವ ಹೆಚ್ಚು, ಐವತ್ತು ತೆಗೆದರೆ ಕಡಿಮೆ. ಪಂದ್ಯವೂ ಒಂದು ಹಿಡಿ. ತಂಡದ ನಿಜವಾದ ಸಾಮರ್ಥ್ಯ ಗೋಣಿಯೊಳಗಿದೆ, ನಮಗೆ ಕಾಣುವುದು ಮೂವತ್ತು ಎಸೆತ ಮಾತ್ರ. ಮೂವತ್ತು ಎಸೆತದಿಂದ ಎಷ್ಟು ಖಚಿತವಾಗಿ ಹೇಳಬಹುದು? ಎಷ್ಟೇ ಜಾಣ ಲೆಕ್ಕಿಗನಾದರೂ ದಾಟಲಾರದ ಒಂದು ಮಿತಿ ಇದಕ್ಕಿದೆ ಎಂದು 1945ರಲ್ಲಿ ತೋರಿಸಿಕೊಟ್ಟವರು ಸಿ. ಆರ್. ರಾವ್. 1920ರಲ್ಲಿ ಹೂವಿನ ಹಡಗಲಿಯ ತೆಲುಗು ಮನೆಯಲ್ಲಿ ಹುಟ್ಟಿದ ಅವರು ಕಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದುಕೊಂಡು ಆ ಪ್ರಬಂಧ ಬರೆದಾಗ ಅವರಿಗೆ ಇಪ್ಪತ್ತೈದರ ಆಸುಪಾಸು. ಸ್ವೀಡನ್ನಿನ ಹರಾಲ್ಡ್ ಕ್ರಾಮೇರ್ ಕೂಡ ಸ್ವತಂತ್ರವಾಗಿ ಇದೇ ಫಲಿತಾಂಶಕ್ಕೆ ಬಂದಿದ್ದರಿಂದ ಅದಕ್ಕೆ ಕ್ರಾಮೇರ್–ರಾವ್ ಮಿತಿ ಎಂದು ಹೆಸರು. 2023ರಲ್ಲಿ, ತಮ್ಮ 102ನೇ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು.

ಅವರ ಮಿತಿಯ ತಿರುಳು ಇಷ್ಟು: ಕೈಗೆ ಸಿಕ್ಕ ಮಾಹಿತಿಯಲ್ಲಿ ಇರುವುದಕ್ಕಿಂತ ಹೆಚ್ಚು ಖಚಿತತೆಯನ್ನು ಯಾವ ಸೂತ್ರವೂ ಹಿಂಡಿ ತೆಗೆಯಲಾರದು. ಸಾಮಾನ್ಯವಾಗಿ ಅಂದಾಜಿನ ತಪ್ಪನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಟ್ಟು ಮಾಹಿತಿ ಬೇಕು.

ಇದನ್ನು ರನ್ನಿಗೆ ಹಚ್ಚಿ ನೋಡೋಣ. ನೂರು ಎಸೆತಗಳಲ್ಲಿ 40ಕ್ಕೆ ರನ್ ಇಲ್ಲ, 40ಕ್ಕೆ ಒಂಟಿ ರನ್, 6ಕ್ಕೆ ಎರಡು, 10ಕ್ಕೆ ನಾಲ್ಕು, 4ಕ್ಕೆ ಆರು ಎಂದು ಇಟ್ಟುಕೊಳ್ಳಿ. ವಿಕೆಟ್ ಬಿದ್ದರೆ ಆಟದ ಗತಿ ಬದಲಾಗುವುದನ್ನು ಸದ್ಯಕ್ಕೆ ಬದಿಗಿಡೋಣ. ಎಸೆತಕ್ಕೆ ಸರಾಸರಿ 1.16 ರನ್ ಆಯಿತು. ಐದು ಓವರಿಗೆ ಸರಾಸರಿ 35. ಆದರೆ ಅದೇ ತಂಡ, ಅದೇ ಸಾಮರ್ಥ್ಯದಲ್ಲಿ, ಒಂದು ದಿನ 26 ಮಾಡೀತು, ಇನ್ನೊಂದು ದಿನ 43. ಶಾಲೆಯ ಗಣಿತದಲ್ಲಿ ಮಾನಕ ವಿಚಲನೆ ಎಂದು ಕಲಿತದ್ದು ನೆನಪಿರಬಹುದು. ಈ ಏರಿಳಿತದ ಅಳತೆ ಅದೇ, ಇಲ್ಲಿ ಅದು ಸುಮಾರು 8 ರನ್. ಸರಾಸರಿಯ ಕಾಲು ಭಾಗದಷ್ಟು! ಇಪ್ಪತ್ತು ಓವರಿಗೆ ಹೋದರೆ ಸರಾಸರಿ 139, ಏರಿಳಿತ 17. ಎಸೆತಗಳು ನಾಲ್ಕು ಪಟ್ಟಾದರೂ ಏರಿಳಿತ ಎರಡೇ ಪಟ್ಟಾಯಿತು. ಹಾಗಾಗಿ ಸರಾಸರಿಗೆ ಹೋಲಿಸಿದರೆ ಅದು ಅರ್ಧಕ್ಕೆ ಇಳಿಯಿತು.

ಈಗ ಒಂದು ತಂಡ ಇನ್ನೊಂದಕ್ಕಿಂತ ನಿಜವಾಗಿಯೂ ಹತ್ತು ಶೇಕಡಾ ಮೇಲು ಎನ್ನೋಣ. ಸಣ್ಣ ವ್ಯತ್ಯಾಸವಲ್ಲ ಇದು. ಟೆಸ್ಟ್ ಪಂದ್ಯದ ಹಾಗೆ ಎರಡೂ ಕಡೆ ಇನ್ನೂರು ಓವರ್ ಆಡಿದರೆ ಮೇಲಿನ ತಂಡ ನೂರಕ್ಕೆ 97 ಸಲ ಹೆಚ್ಚು ರನ್ ಮಾಡುತ್ತದೆ. ಇಪ್ಪತ್ತು ಓವರಿನಲ್ಲಿ ಅದು 72 ಸಲ. ಐದು ಓವರಿನಲ್ಲಿ 62 ಸಲ ಮಾತ್ರ. ನೂರರಲ್ಲಿ ಮೂವತ್ತೆಂಟು ಸಲ ಕಡಿಮೆ ಸಾಮರ್ಥ್ಯದವರೇ ಕಪ್ ಎತ್ತಬಹುದು, ಅದೂ ಯಾರೂ ತಪ್ಪು ಮಾಡದೆ, ಅಂಪೈರ್ ಎಡವದೆ, ಎಲ್ಲರೂ ತಮ್ಮ ಆಟವನ್ನೇ ಆಡಿ. ಹದಿನಾರು ತಂಡಗಳ ನಾಕೌಟ್ ಪಂದ್ಯಾಟದಲ್ಲಿ ಈ ಉತ್ತಮ ತಂಡ ನಾಲ್ಕು ಪಂದ್ಯ ಸಾಲಾಗಿ ಗೆಲ್ಲುವ ಸಂಭವ ನೂರಕ್ಕೆ ಸುಮಾರು 15. ಉಳಿದ ಹದಿನೈದು ತಂಡಗಳಿಗಿಂತಲೂ ಮೇಲಾಗಿದ್ದೂ ಅದು ಕಪ್ ಇಲ್ಲದೆ ಮನೆಗೆ ಹೋಗುವ ಸಂಭವವೇ ಹೆಚ್ಚು. ನಮ್ಮ ಕಡೆಯ ಎಷ್ಟೋ ಹುಡುಗರು ಇಂಥ ಸೋಲನ್ನು ತಮ್ಮ ಕೈಲಾಗದತನ ಎಂದು ಮನಸ್ಸಿಗೆ ಹಚ್ಚಿಕೊಳ್ಳುವುದನ್ನು ನೋಡಿದಾಗೆಲ್ಲ ಈ ಲೆಕ್ಕವನ್ನು ಕೂಗಿ ಹೇಳಬೇಕೆನ್ನಿಸುತ್ತದೆ.

ಅಪರೂಪಕ್ಕೆ ಆಗುವ ಘಟನೆಗಳು ಎಷ್ಟು ಅಸಮವಾಗಿ ಬರುತ್ತವೆ ಎಂಬುದನ್ನು ಸೂತ್ರವಾಗಿಸಿದವರು ಫ್ರಾನ್ಸಿನ ಸಿಮೆಯೋನ್ ಡೆನಿ ಪಾಸೋನ್. ಅವರ ಪುಸ್ತಕ ಬಂದದ್ದು 1837ರಲ್ಲಿ. 1898ರಲ್ಲಿ ಲಾಡಿಸ್ಲಾಸ್ ಬೋರ್ಟ್‌ಕೀವಿಚ್ ಅದನ್ನು ಪ್ರಷ್ಯಾದ ಅಶ್ವದಳಕ್ಕೆ ಹಚ್ಚಿದರು. ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕ ಅದು. ಹತ್ತು ದಳಗಳ ಇಪ್ಪತ್ತು ವರ್ಷದ ದಾಖಲೆ, ಅಂದರೆ 200 ಸಾಲು. ಒಟ್ಟು ಸಾವು 122. ಆ 200ರಲ್ಲಿ 109 ಸಾಲಿನಲ್ಲಿ ಒಂದೂ ಸಾವಿಲ್ಲ, 65ರಲ್ಲಿ ಒಂದು, 22ರಲ್ಲಿ ಎರಡು, 3ರಲ್ಲಿ ಮೂರು, ಒಂದೇ ಒಂದು ಸಾಲಿನಲ್ಲಿ ನಾಲ್ಕು. ನಾಲ್ಕು ಜನ ಸತ್ತ ವರ್ಷ ಆ ದಳದ ಅಧಿಕಾರಿಯನ್ನು ದೂರಿದವರಿದ್ದರೋ ಏನೋ. ಆದರೆ ಪಾಸೋನ್ ಸೂತ್ರ ಕೊಡುವ ಸಂಖ್ಯೆಗಳು ಕ್ರಮವಾಗಿ 109, 66, 20, 4, 1. ದಾಖಲೆಗೂ ಸೂತ್ರಕ್ಕೂ ಇಷ್ಟು ಹೊಂದಿಕೆ ಇರುವಾಗ, ಯಾವ ದಳದಲ್ಲೂ ವಿಶೇಷ ದೋಷ ಹುಡುಕಬೇಕಿಲ್ಲ; ಬರೀ ಆಕಸ್ಮಿಕವೇ ಆ ಚಿತ್ರವನ್ನು ಬಿಡಿಸಬಲ್ಲದು. ಬೌಂಡರಿಗಳೂ ಹೀಗೆಯೇ ಗುಂಪು ಕಟ್ಟುತ್ತವೆ. ಒಂದು ಓವರಿನಲ್ಲಿ ಮೂರು ಬಂದರೆ ಬ್ಯಾಟರ್ ಲಯ ಕಂಡುಕೊಂಡ ಎನ್ನುತ್ತೇವೆ, ಎರಡು ಓವರ್ ಬಾರದಿದ್ದರೆ ಒತ್ತಡಕ್ಕೆ ಸಿಕ್ಕಿದ ಎನ್ನುತ್ತೇವೆ.

ಎಸೆತ ಕಡಿಮೆಯಾದರೆ ಮಾತ್ರವಲ್ಲ, ರನ್ ಕಡಿಮೆಯಾದರೂ ಮಾಹಿತಿ ತೆಳುವಾಗುತ್ತದೆ. ಚೆಂಡು ಬ್ಯಾಟಿಗೆ ಬಾರದ ಪಿಚ್ಚಿನಲ್ಲಿ ನೂರಕ್ಕೆ 60 ಎಸೆತ ಖಾಲಿ, 30 ಒಂಟಿ ರನ್, 4 ಎರಡು ರನ್, 5 ಬೌಂಡರಿ, ಒಂದು ಸಿಕ್ಸರ್ ಎಂದು ಇಟ್ಟರೆ ಇಪ್ಪತ್ತು ಓವರಿಗೆ ಸರಾಸರಿ 77. ಅಲ್ಲಿ ಹತ್ತು ಶೇಕಡಾ ಮೇಲಿನ ತಂಡ ಗೆಲ್ಲುವುದು 67 ಸಲ. ಒಳ್ಳೆಯ ಪಿಚ್ಚಿನಲ್ಲಿ 72 ಇತ್ತು. ಆದರೆ ಒಂದು ಮಾತು ಸೇರಿಸಲೇಬೇಕು. ಕಠಿಣ ಪಿಚ್ಚಿನಲ್ಲಿ ಒಳ್ಳೆಯ ಬ್ಯಾಟರನಿಗೂ ಸಾಧಾರಣ ಬ್ಯಾಟರನಿಗೂ ಇರುವ ಅಂತರವೇ ಹಿಗ್ಗಬಹುದು. ಆಗ ಹತ್ತು ಶೇಕಡಾ ಇದ್ದದ್ದು ಇಪ್ಪತ್ತಾಗಿ, ಸಾಮರ್ಥ್ಯ ಮತ್ತೆ ಮೇಲೆ ಬರುತ್ತದೆ. ಕಡಿಮೆ ಸ್ಕೋರಿನ ಪಂದ್ಯ ನನಗೆ ಪ್ರಿಯವಾಗಿರುವುದು ಈ ಎಳೆದಾಟಕ್ಕಾಗಿಯೇ.

ರನ್ನಿನ ಬಡತನವನ್ನೇ ಸ್ವಭಾವವಾಗಿಸಿಕೊಂಡ ವೃತ್ತಿಪರ ಆಟ ಅಮೆರಿಕದ ಬೇಸ್‌ಬಾಲ್. ಒಂಬತ್ತು ಇನ್ನಿಂಗ್ಸ್ ಆಡಿ ಒಂದು ತಂಡ ಮಾಡುವುದು ಸರಾಸರಿ ನಾಲ್ಕೈದು ರನ್. 1991ರ ಅಕ್ಟೋಬರ್ 27ರಂದು ಅಲ್ಲಿನ ವಿಶ್ವ ಸರಣಿಯ ಏಳನೇ, ಕೊನೆಯ ಪಂದ್ಯದಲ್ಲಿ ಮಿನೆಸೋಟಾ ಟ್ವಿನ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್ ಒಂಬತ್ತು ಇನ್ನಿಂಗ್ಸ್ ಮುಗಿದರೂ ಒಂದೂ ರನ್ ಮಾಡಿರಲಿಲ್ಲ. ಟ್ವಿನ್ಸ್ ತಂಡದ ಜ್ಯಾಕ್ ಮಾರಿಸ್ ಹತ್ತೂ ಇನ್ನಿಂಗ್ಸ್ ತಾವೊಬ್ಬರೇ ಚೆಂಡೆಸೆದರು. ಹತ್ತನೆಯದರ ಕೊನೆಗೆ ಜೀನ್ ಲಾರ್ಕಿನ್ ಹೊಡೆದ ಒಂದು ಹೊಡೆತಕ್ಕೆ ಒಂದು ರನ್ ಬಂತು, ವರ್ಷದ ಪಟ್ಟ 1–0ಯಲ್ಲಿ ತೀರ್ಮಾನವಾಯಿತು. ಒಂದು ಪಂದ್ಯ ಇಷ್ಟು ಕಡಿಮೆ ಹೇಳುವ ಆಟದಲ್ಲಿ ಯಾರು ಮೇಲು ಎಂದು ತಿಳಿಯಲು ಏನು ದಾರಿ? ಪ್ರತಿ ತಂಡವೂ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ. ಅದರಲ್ಲಿ ನೂರು ಗೆದ್ದರೆ ಆ ವರ್ಷದ ಅತ್ಯುತ್ತಮ ತಂಡಗಳ ಸಾಲಿಗೆ ಸೇರಿದಂತೆ. 162ರಲ್ಲಿ ನೂರು ಅಂದರೆ ನೂರಕ್ಕೆ 62, ನಮ್ಮ ಐದು ಓವರಿನ ಉತ್ತಮ ತಂಡಕ್ಕೆ ಸಿಕ್ಕಿದ ಅದೇ ಸಂಖ್ಯೆ. ಅಮೆರಿಕದವರು ಆ 62ನ್ನು ಆರು ತಿಂಗಳು ಆಡಿ ಬಯಲಿಗೆ ತರುತ್ತಾರೆ; ನಾವು ಅದನ್ನು ಒಂದೇ ರಾತ್ರಿಯಲ್ಲಿ ಕೇಳುತ್ತೇವೆ.

ಇಷ್ಟರವರೆಗೆ ಹೇಳಿದ್ದು ಆಟಗಾರರ ಕೈಯಲ್ಲಿಲ್ಲದ ಸಂಗತಿ. ಕೊನೆಯ ಓವರಿನಲ್ಲಿ ಅವರ ಕೈಯಲ್ಲಿರುವುದೂ ಒಂದಿದೆ: ಏರಿಳಿತವನ್ನು ಹಿಗ್ಗಿಸುವುದೋ ಕುಗ್ಗಿಸುವುದೋ ಎಂಬ ಆಯ್ಕೆ. ಇದನ್ನು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಒಂದು ಪಂದ್ಯಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ. 2016ರ ಮಾರ್ಚ್ 23, ಟಿ20 ವಿಶ್ವಕಪ್, ಭಾರತ–ಬಾಂಗ್ಲಾದೇಶ. ರನ್ನಿನ ಹೊಳೆ ಹರಿಯುವ ಆ ಮೈದಾನದಲ್ಲಿ ಅಂದು ಚೆಂಡು ನಿಂತು ಬರುತ್ತಿತ್ತು. ಭಾರತ ಮಾಡಿದ್ದು 7 ವಿಕೆಟಿಗೆ 146. ಸುರೇಶ್ ರೈನಾ ಅವರ 30 ರನ್ನೇ ಅತಿ ಹೆಚ್ಚು.

ಕೊನೆಯ ಓವರಿಗೆ ಬಾಂಗ್ಲಾದೇಶಕ್ಕೆ 11 ರನ್ ಬೇಕಿತ್ತು, ಚೆಂಡು ಹಾರ್ದಿಕ್ ಪಾಂಡ್ಯ ಕೈಯಲ್ಲಿ. ಮೊದಲ ಎಸೆತಕ್ಕೆ ಮಹಮದುಲ್ಲಾ ಒಂದು ರನ್. ಎರಡನೆಯದಕ್ಕೂ ಮೂರನೆಯದಕ್ಕೂ ಮುಷ್ಫಿಕರ್ ರಹೀಂ ಬೌಂಡರಿ. ಇನ್ನು ಮೂರು ಎಸೆತ, ಎರಡು ರನ್, ಕೈಯಲ್ಲಿ ನಾಲ್ಕು ವಿಕೆಟ್. ನಮ್ಮ ಹಿಂದಿನ ಲೆಕ್ಕದಂತೆ ಎಸೆತ ಖಾಲಿ ಹೋಗುವ ಸಂಭವ 40 ಶೇಕಡಾ ಎಂದೇ ಇಟ್ಟರೂ, ಮೂರೂ ಖಾಲಿ ಹೋಗುವುದು 0.4 × 0.4 × 0.4, ಅಂದರೆ ನೂರಕ್ಕೆ ಆರು ಚಿಲ್ಲರೆ. ಒಂದೇ ರನ್ ಬಂದು ಟೈ ಆಗುವುದು 19. ಬಾಂಗ್ಲಾದೇಶ ಗೆಲ್ಲುವುದು 74. ಒಂಟಿ ರನ್ನನ್ನೇ ಗುರಿಯಾಗಿಟ್ಟು ಆಡಿದರೆ ಖಾಲಿ ಎಸೆತ ಇನ್ನೂ ಕಡಿಮೆಯಾಗಿ, ಗೆಲುವಿನ ಸಂಭವ ಇನ್ನೂ ಏರುತ್ತದೆ.

ಮುಂದಿರುವವನು ಏರಿಳಿತವನ್ನು ಕುಗ್ಗಿಸಬೇಕು, ಹಿಂದಿರುವವನು ಹಿಗ್ಗಿಸಬೇಕು. ಲೆಕ್ಕ ಹೇಳುವುದು ಇಷ್ಟನ್ನೇ. ಮೂರು ಎಸೆತಕ್ಕೆ ಎರಡು ರನ್ ಬೇಕಾದವನು ಮುಂದಿದ್ದಾನೆ. ಅವನು ಚೆಂಡನ್ನು ನೆಲಕ್ಕೆ ಒತ್ತಿ ಓಡಬೇಕು. ಆದರೆ ನಾಲ್ಕನೇ ಎಸೆತವನ್ನು ಮುಷ್ಫಿಕರ್ ಎತ್ತಿ ಹೊಡೆದರು, ಡೀಪ್ ಮಿಡ್‌ವಿಕೆಟಿನಲ್ಲಿ ಶಿಖರ್ ಧವನ್ ಹಿಡಿದರು. ಐದನೆಯದು ಫುಲ್‌ಟಾಸ್, ಮಹಮದುಲ್ಲಾ ಕೂಡ ಅದೇ ದಿಕ್ಕಿಗೆ ಎತ್ತಿದರು, ರವೀಂದ್ರ ಜಡೇಜ ಓಡಿ ಬಂದು ಹಿಡಿದರು. ಇಬ್ಬರೂ ಬಾಂಗ್ಲಾದೇಶದ ಅತ್ಯಂತ ಅನುಭವಿ ಬ್ಯಾಟರುಗಳು. ಅವರನ್ನು ದಡ್ಡರೆನ್ನುವವರ ಜೊತೆ ನಾನು ಸೇರುವುದಿಲ್ಲ. ಒತ್ತಡದಲ್ಲಿ ನುರಿತವರು ಎಡವುವುದರ ಬಗ್ಗೆ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ 1984ರಲ್ಲಿ ಬರೆದರು. ಆಮೇಲೆ ಸಯಾನ್ ಬೈಲಾಕ್ ಗಾಲ್ಫ್ ಆಡುವವರ ಮೇಲೆ ಪ್ರಯೋಗ ಮಾಡಿದರು. ಅಭ್ಯಾಸಬಲದಿಂದ ತಾನಾಗಿ ನಡೆಯುವ ಚಲನೆಯ ಮೇಲೆ ಪ್ರಜ್ಞೆ ಕಾವಲು ಕೂತಾಗ ಆ ಚಲನೆ ಕೆಡುತ್ತದೆ ಎಂಬುದು ಈ ಸಂಶೋಧನೆಯ ಸಾರ. ಆದರೆ ಅಂದು ಕೆಟ್ಟದ್ದು ಚಲನೆಗಿಂತ ಹೆಚ್ಚಾಗಿ ಆಯ್ಕೆ ಎಂದು ನನ್ನ ಅನಿಸಿಕೆ. ಎರಡು ಬೌಂಡರಿ ಆಗತಾನೆ ಬಂದಿವೆ, ಇನ್ನೊಂದು ಬಂದರೆ ಎಲ್ಲ ಮುಗಿಯಿತು. ಆ ಸೆಳೆತವನ್ನು ಮೂರು ಎಸೆತದಷ್ಟು ಹೊತ್ತು ತಡೆದು ನಿಲ್ಲುವುದು ಸುಲಭದ ಮಾತಲ್ಲ.

ಈಗ ಒಂದು ಎಸೆತ, ಎರಡು ರನ್. ಒಂದು ಬಂದರೆ ಟೈ. ವಿಕೆಟ್ ಹಿಂದಿದ್ದ ಮಹೇಂದ್ರ ಸಿಂಗ್ ಧೋನಿ ಚೆಂಡು ಬರುವ ಮೊದಲೇ ಬಲಗೈಯ ಗ್ಲೌಸ್ ತೆಗೆದಿಟ್ಟಿದ್ದರು. ಪಾಂಡ್ಯ ಆಫ್ ಸ್ಟಂಪಿನ ಹೊರಗೆ ಗಿಡ್ಡ ಎಸೆತ ಹಾಕಿದರು, ಶುವಗತ ಹೋಂ ಬೀಸಿದರು, ಬ್ಯಾಟಿಗೆ ತಾಗಲಿಲ್ಲ. ಆ ಕಡೆಯಿಂದ ಮುಸ್ತಫಿಜುರ್ ರೆಹಮಾನ್ ಓಡಿ ಬರುತ್ತಿದ್ದಾರೆ. ಎರಡು ಗೆರೆಗಳ ನಡುವಿನ ದೂರ 17.68 ಮೀಟರ್. ಧೋನಿ ಚೆಂಡನ್ನು ಎಸೆಯಲಿಲ್ಲ. ಹಿಡಿದುಕೊಂಡೇ ಓಡಿ ಸ್ಟಂಪ್ ಕೆಡವಿದರು. ಎಸೆದಿದ್ದರೆ ಚೆಂಡು ಇನ್ನೂ ಬೇಗ ತಲುಪುತ್ತಿತ್ತು. ಆದರೆ ಮೂರು ಸ್ಟಂಪುಗಳ ಒಟ್ಟು ಅಗಲ 22.86 ಸೆಂಟಿಮೀಟರ್. ಹತ್ತು ಮೀಟರ್ ದೂರದಿಂದ ಎಸೆಯುವಾಗ ಕೈ ಒಂದೇ ಒಂದು ಡಿಗ್ರಿ ಅತ್ತಿತ್ತ ಆದರೂ ಚೆಂಡು 17 ಸೆಂಟಿಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಸರಿದು ಸ್ಟಂಪನ್ನು ತಪ್ಪಿಸುತ್ತದೆ. ಓಡುವುದರಲ್ಲಿ ಆ ಒಂದು ಡಿಗ್ರಿಯ ಅಪಾಯವಿಲ್ಲ. ಎಸೆತ ವೇಗದ್ದು, ಓಟ ಖಚಿತದ್ದು. ಸಮಯ ಸಾಕು ಎಂದು ಅಂದಾಜಿಸಿ ಖಚಿತವಾದದ್ದನ್ನು ಆರಿಸಿಕೊಂಡ ಆ ಓಟವೇ ಇಡೀ ಓವರಿನಲ್ಲಿ ನನಗೆ ಅತ್ಯಂತ ಚೆಂದ ಕಾಣುವ ಕ್ಷಣ. ಭಾರತ ಒಂದು ರನ್ನಿನಿಂದ ಗೆದ್ದಿತು. ಮೂರು ಎಸೆತ, ಮೂರು ವಿಕೆಟ್, ಸೊನ್ನೆ ರನ್.

ಏರಿಳಿತವನ್ನು ಕುಗ್ಗಿಸುವ ಆಸೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ 1981ರ ಫೆಬ್ರವರಿ 1ರ ಮೆಲ್ಬರ್ನ್ ಪಂದ್ಯ ಸಾಕ್ಷಿ. ಕೊನೆಯ ಎಸೆತಕ್ಕೆ ನ್ಯೂಜಿಲೆಂಡಿಗೆ ಟೈ ಮಾಡಿಕೊಳ್ಳಲು ಆರು ರನ್ ಬೇಕಿತ್ತು. ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್ ತಮ್ಮ ಟ್ರೆವರನಿಗೆ ಚೆಂಡನ್ನು ನೆಲದ ಮೇಲೆ ಉರುಳಿಸಲು ಹೇಳಿದರು. ಬ್ರಯಾನ್ ಮೆಕೆಕ್ನಿ ಅದನ್ನು ತಡೆದು, ಸಿಟ್ಟಿನಿಂದ ಬ್ಯಾಟ್ ಎಸೆದರು. ಸಿಕ್ಸರಿನ ಸಂಭವವನ್ನು ಸೊನ್ನೆಗೆ ಇಳಿಸಿದ ಆ ಎಸೆತ ಅಂದಿನ ನಿಯಮದೊಳಗೇ ಇತ್ತು, ಗಣಿತದ ಪ್ರಕಾರ ಪರಿಪೂರ್ಣವೂ ಹೌದು. ಆದರೂ ಜಗತ್ತು ಛೀ ಎಂದಿತು, ನಿಯಮ ಬದಲಾಯಿತು. ಅದು ಸರಿಯೆಂದೇ ನನ್ನ ಭಾವನೆ. ಸಂಭವವನ್ನು ಜಾಣತನದಿಂದ ಬಾಗಿಸುವುದು ಆಟ. ಅದನ್ನು ಅಳಿಸಿಹಾಕಿದರೆ ಎದುರಾಳಿಗೆ ಆಡಲು ಏನೂ ಉಳಿಯುವುದಿಲ್ಲ. ನಮ್ಮ ಪಂದ್ಯಾಟಗಳ ಅಂಡರ್ ಆರ್ಮ್ ಎಸೆತಕ್ಕೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಚೆಂಡು ಹೆಚ್ಚು ಏಳದಿದ್ದರೂ ವೇಗವಾಗಿ ಪುಟಿದು ಬರುತ್ತದೆ, ಬ್ಯಾಟರನಿಗೆ ಹೊಡೆಯುವ ಅವಕಾಶ ಇದ್ದೇ ಇರುತ್ತದೆ.

ಹೆಚ್ಚು ಎಸೆತ ಇದ್ದರೆ ಪಂದ್ಯ ಸುಲಭವಾಗಿ ಇತ್ಯರ್ಥವಾಗುತ್ತದೆ ಎಂದೇನೂ ಇಲ್ಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದ ರಣಜಿ ಫೈನಲಿನಲ್ಲಿ ಮುಂಬೈ ವಿರುದ್ಧ ಕರ್ನಾಟಕಕ್ಕೆ 338 ರನ್ ಗುರಿ ಇತ್ತು. ಮೊದಲ ಇನ್ನಿಂಗ್ಸಿನಲ್ಲಿ 130ಕ್ಕೆ ಉರುಳಿದ್ದ ತಂಡ ಅದು. ಮನೀಶ್ ಪಾಂಡೆ 144 ಹೊಡೆದರು, ಕರ್ನಾಟಕ ಸೋತದ್ದು ಆರೇ ರನ್ನಿನಿಂದ. ಎರಡು ತಂಡಗಳು ನಿಜವಾಗಿಯೂ ಸಮಬಲವಾಗಿದ್ದರೆ ಎಷ್ಟು ದಿನ ಆಡಿಸಿದರೂ ಉತ್ತರ ಹೀಗೆ ಕೂದಲೆಳೆಯಲ್ಲೇ ನಿಲ್ಲಬಹುದು.

ಅಂಥ ಸಮಬಲವನ್ನು ಒಡೆಯಲು ಈಗ ಇರುವ ಉಪಾಯ ಸೂಪರ್ ಓವರ್. ಆರು ಎಸೆತಕ್ಕೆ ನಮ್ಮ ಲೆಕ್ಕ ಹಚ್ಚಿದರೆ ಹತ್ತು ಶೇಕಡಾ ಮೇಲಿನ ತಂಡ ಗೆಲ್ಲುವುದು ನೂರಕ್ಕೆ 55. ನಾಣ್ಯ ಚಿಮ್ಮಿದ್ದಕ್ಕಿಂತ ಐದು ಹೆಚ್ಚು, ಅಷ್ಟೇ. 2019ರ ವಿಶ್ವಕಪ್ ಫೈನಲಿನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ತಲಾ 241, ಸೂಪರ್ ಓವರಿನಲ್ಲೂ ತಲಾ 15. ಕೊನೆಗೆ ಬೌಂಡರಿಗಳನ್ನು ಎಣಿಸಿ 26–17ರಿಂದ ಇಂಗ್ಲೆಂಡಿಗೆ ಕಪ್ ಕೊಟ್ಟರು. ಅದೇ ಅಕ್ಟೋಬರಿನಲ್ಲಿ ಆ ನಿಯಮ ಹೋಯಿತು, ಫಲಿತಾಂಶ ಬರುವವರೆಗೆ ಸೂಪರ್ ಓವರ್ ಮತ್ತೆ ಮತ್ತೆ ಆಡುವ ಕ್ರಮ ಬಂತು. ಅದರ ಪರೀಕ್ಷೆಯೂ ಚಿನ್ನಸ್ವಾಮಿಯಲ್ಲೇ ಆಯಿತು. 2024ರ ಜನವರಿ 17ರಂದು ಭಾರತ, ಅಫ್ಘಾನಿಸ್ತಾನ ತಲಾ 212. ಮೊದಲ ಸೂಪರ್ ಓವರಿನಲ್ಲಿ ತಲಾ 16. ಎರಡನೆಯದರಲ್ಲಿ ಭಾರತ 11, ಅಫ್ಘಾನಿಸ್ತಾನ ರವಿ ಬಿಷ್ಣೋಯಿ ಅವರ ಮೂರು ಎಸೆತಗಳಲ್ಲೇ ಎರಡು ವಿಕೆಟ್ ಕಳೆದುಕೊಂಡು 1. ಕಪ್ಪಿನ ಫೈನಲಿಗಾದರೆ ಇಂಥದ್ದೊಂದು ಬೇಕಾದೀತು. ಆದರೆ ಇನ್ನೂರ ನಲವತ್ತು ಎಸೆತ ಆಡಿ ಎರಡೂ ತಂಡ ಸಮ ಎಂದು ತೋರಿಸಿದ ಮೇಲೆ, ದ್ವಿಪಕ್ಷೀಯ ಸರಣಿಯಲ್ಲೂ ಲೀಗ್ ಹಂತದಲ್ಲೂ ಆ ಉತ್ತರವನ್ನೇ ಒಪ್ಪಿಕೊಂಡು ಅಂಕ ಹಂಚಿಬಿಡುವುದು ಸರಿ ಎಂದು ನಾನು ನಂಬುತ್ತೇನೆ.